ಸರ್ವೆಯೋರು ಬಂದವ್ರೆ!

ನವಿಲು, ಮಿಂಚುಳ್ಳಿ ಇವೆಲ್ಲ ಸಜ್ಜನ ಹಕ್ಕಿಗಳು. ವಿಸಿಟಿಂಗ್ ಕಾರ್ಡನ್ನು ಮೈಮೇಲೇ ಅಂಟಿಸಿಕೊಂಡು ಓಡಾಡುತ್ತವೆ. ತಕರಾರೆಲ್ಲ ನೀರಂಚಿನ ಕೆಸರಲ್ಲಿ ಕೊಕ್ಕಾಡಿಸುವ ಗದ್ದೆಗೊರವಗಳದ್ದು, ಅಂದರೆ ಇಂಗ್ಲಿಷಿನ ಸ್ಯಾಂಡ್‌ಪೈಪರ್‌ಗಳದ್ದು. ಮೇಲೆ ಕಂದು, ಕೆಳಗೆ ಬಿಳಿ. ಅಷ್ಟು ಹೇಳಿದರೆ ಹತ್ತು ಜಾತಿಯ ವರ್ಣನೆ ಮುಗಿಯಿತು.

ಫೆಬ್ರವರಿ ಹೊತ್ತಿಗೆ ಹೇಮಾವತಿಗೆ ಕಟ್ಟಿದ ಗೊರೂರು ಡ್ಯಾಮಿನ ಹಿನ್ನೀರು ಇಳಿದು, ಶೆಟ್ಟಿಹಳ್ಳಿಯ ಪಾಳು ಚರ್ಚಿನ ಆಚೆ ಕೆಸರಿನ ಬಯಲು ತೆರೆದುಕೊಳ್ಳುತ್ತದೆ. ಅಲ್ಲಿಗೆ ಹೋಗುವ ನಮ್ಮ ತಂಡದಲ್ಲಿ ರಿಟೈರಾದ ಗಣಿತದ ಮೇಷ್ಟ್ರು, ಬ್ಯಾಂಕಿನ ಗೆಳೆಯ ಮತ್ತು ಟೀ ಫ್ಲಾಸ್ಕು ಹೊರುವ ನಾನು. ಮೇಷ್ಟ್ರು ಟ್ರೈಪಾಡ್ ಊರಿ, ದೊಡ್ಡ ದುರ್ಬೀನಿಗೆ ಕಣ್ಣಿಟ್ಟರೆಂದರೆ ಆ ದಿನದ ಜಗಳ ಶುರು ಎಂದೇ ಲೆಕ್ಕ.

"ವುಡ್ ಸ್ಯಾಂಡ್‌ಪೈಪರ್. ಬಿಳಿ ಹುಬ್ಬು ಕಣ್ಣು ದಾಟಿ ಹಿಂದಕ್ಕೆ ಹೋಗಿದೆ."

"ಅದು ಗ್ರೀನು ಮೇಷ್ಟ್ರೇ. ಹುಬ್ಬು ಕಣ್ಣಿನ ಹತ್ರಾನೇ ನಿಂತಿದೆ."

"ಅಲ್ರೀ, ರೆಕ್ಕೆ ಎತ್ತಲಿ ಇರಿ. ಅಡಿಭಾಗ ಕಪ್ಪಿದ್ರೆ ಗ್ರೀನು, ಮಾಸಲು ಬಿಳಿ ಇದ್ರೆ ವುಡ್ಡು."

ಹಕ್ಕಿ ರೆಕ್ಕೆ ಎತ್ತಲಿಲ್ಲ. ಇವರಿಬ್ಬರ ಮಾತೇ ಮುರಿದು ಬೀಳುವವರೆಗೆ ಎತ್ತುವ ಲಕ್ಷಣವೂ ಕಾಣಲಿಲ್ಲ.

ಅಷ್ಟರಲ್ಲಿ ಸ್ಟಿಂಟ್‌ಗಳು ಕಂಡವು. ಗುಬ್ಬಿ ಗಾತ್ರದ ಜೀವ, ಮೂವತ್ತು ಗ್ರಾಂ ತೂಗಿದರೆ ಹೆಚ್ಚು; ಮೊಟ್ಟೆಯಿಡುವುದು ಮಾತ್ರ ಉತ್ತರ ಧ್ರುವ ಪ್ರದೇಶದಲ್ಲಿ. ಕಾಲು ಕಪ್ಪಿದ್ದರೆ ಲಿಟಲ್ ಸ್ಟಿಂಟ್, ಹಳದಿ ಇದ್ದರೆ ಟೆಮಿಂಕ್ಸ್ ಸ್ಟಿಂಟ್ ಎನ್ನುತ್ತದೆ ಪುಸ್ತಕ. ಪುಸ್ತಕ ಬರೆದವರು ಹೇಮಾವತಿ ಹಿನ್ನೀರಿನ ಕೆಸರು ತುಳಿದವರಲ್ಲ. ಇಲ್ಲಿ ಎಲ್ಲ ಹಕ್ಕಿಯ ಕಾಲಿಗೂ ಒಂದೇ ಬಣ್ಣ. ನಮ್ಮ ಕಾಲಿಗೂ ಅದೇ.

ಎಮ್ಮೆ ಮೇಯಿಸುತ್ತಿದ್ದ ಅಜ್ಜ ಬಂದು ಟ್ರೈಪಾಡನ್ನೇ ದಿಟ್ಟಿಸಿದರು. "ಯಾವ ಇಲಾಖೆ ಸಾ?"

"ಇಲಾಖೆ ಅಲ್ಲ ಗೌಡ್ರೇ, ಹಕ್ಕಿ ನೋಡ್ತಿದೀವಿ."

"ಹ್ಞೂಂ. ಡ್ಯಾಮ್ ಕಟ್ಟೋಕ್ ಮುಂಚೆನೂ ಹಿಂಗೇ ಮೂರು ಕಾಲಿನ ಕೋಲು ಹಿಡ್ಕಂಡು ಬಂದಿದ್ರು. ಏನಿಲ್ಲ, ಸುಮ್ನೆ ನೋಡ್ತಿದೀವಿ ಅಂದ್ರು. ಆಮೇಲೆ ಊರೇ ನೀರೊಳಕ್ಕೆ ಹೋಯ್ತು."

ಹೇಮಾವತಿ ಅಣೆಕಟ್ಟು ಮುಗಿದದ್ದು 1979ರಲ್ಲಿ. ಅದನ್ನು ಕಂಡ ಮನುಷ್ಯನಿಗೆ ನಮ್ಮ "ಸುಮ್ನೆ" ಹಿಡಿಸದಿದ್ದರೆ ತಪ್ಪೇನು? ಬ್ಯಾಂಕಿನವನು ದುರ್ಬೀನಿನಲ್ಲಿ ಸ್ಟಿಂಟ್ ತೋರಿಸಿದ. ಅಜ್ಜ ನೋಡಿ, "ಇಷ್ಟೇ ಇಷ್ಟು ಹಕ್ಕಿಗೆ ಮೂರು ಜನ ಆಫೀಸರ್ರು?" ಎಂದವರೇ ಮೇಷ್ಟ್ರ ಪಕ್ಕ ಕುಕ್ಕರುಗಾಲಲ್ಲಿ ಕೂತು, ತಮ್ಮ ಜಮೀನಿನ ಚೆಕ್ಕುಬಂದಿ ಹೇಳತೊಡಗಿದರು. ಮೇಷ್ಟ್ರಿಗೆ ಯಾರು ಏನು ಹೇಳಿದರೂ ನೋಟ್‌ಬುಕ್ಕಿಗೆ ಬರೆದುಕೊಳ್ಳುವ ಚಾಳಿ. ಬರೆದುಕೊಂಡರು.

ಆಗ ಚರ್ಚಿನ ಕಡೆಯಿಂದ ಡ್ರೋನ್ ಬಂತು. ಅಲ್ಲಿ ಯಾವುದೋ ಜೋಡಿಯ ಪ್ರೀವೆಡ್ಡಿಂಗ್ ಶೂಟು. ಮದುವೆಗೆ ಮುಂಚೆ ಬಿದ್ದುಹೋದ ಗೋಡೆಗಳ ನಡುವೆ ನಿಂತು ನಗುವುದೇಕೋ, ನನಗಂತೂ ಅರ್ಥವಾಗಿಲ್ಲ. ಕೆಸರಿನ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದವು. ಸ್ಟಿಂಟ್‌ಗಳು ನೀರಿಗೆ ತಾಗುವಂತೆ ಹಾರಿದರೆ, ಒಂದು ಮಾತ್ರ ನೆಟ್ಟಗೆ ಮೇಲಕ್ಕೇರಿತು. ಬಾಲದ ಎರಡೂ ಅಂಚು ಅಚ್ಚ ಬಿಳಿ.

"ಟೆಮಿಂಕ್ಸ್!" ಇಬ್ಬರೂ ಒಟ್ಟಿಗೇ ಕೂಗಿದರು. ಅವರು ಒಮ್ಮತಕ್ಕೆ ಬಂದದ್ದನ್ನು ನಾನು ಕಂಡದ್ದು ಅವತ್ತೇ. ಆ ಗದ್ದಲದಲ್ಲಿ ಸ್ಯಾಂಡ್‌ಪೈಪರ್‌ನ ರೆಕ್ಕೆಯ ಅಡಿಭಾಗ ನೋಡುವುದನ್ನು ಇಬ್ಬರೂ ಮರೆತರು.

ಜಾಗಕ್ಕೆ ಅಪರೂಪ ಎನಿಸುವ ಹಕ್ಕಿಯನ್ನು ಪಟ್ಟಿಗೆ ಸೇರಿಸಿದರೆ ಹಕ್ಕಿ ನೋಡುವವರು ಕಂಡದ್ದನ್ನು ದಾಖಲಿಸುವ ಇಬರ್ಡ್ ಆ್ಯಪ್ ವಿವರ ಕೇಳುತ್ತದೆ. ಹಾಸನಕ್ಕೆ ವಾಪಸಾಗುವಾಗ ಮೇಷ್ಟ್ರು ನೋಟ್‌ಬುಕ್ ತೆರೆದು ಓದಿದರು, ಬ್ಯಾಂಕಿನವನು ಫೋನಿನಲ್ಲಿ ಕುಟ್ಟುತ್ತಾ ಹೋದ: "ಕಾಲು, ಕೆಸರು. ಬಾಲದಂಚು ಬಿಳಿ. ನೆಟ್ಟಗೆ ಮೇಲಕ್ಕೆ ಹಾರಿತು. ಎರಡು ಎಕರೆ ಹನ್ನೊಂದು ಗುಂಟೆ. ಉತ್ತರಕ್ಕೆ ತಮ್ಮನ ಹೊಲ, ಪಶ್ಚಿಮಕ್ಕೆ ಹಳ್ಳ. ಪರಿಹಾರ ಇನ್ನೂ ಬಂದಿಲ್ಲ."

ಸಬ್ಮಿಟ್ ಒತ್ತಿದ ಮೇಲೇ ಅವನು ತಲೆಯೆತ್ತಿದ್ದು.