ಸ್ಪಷ್ಟನೆ: ಮಕ್ಕಳ ಸ್ವಭಾವ ಏಳು ವರ್ಷಕ್ಕೇ ಗಟ್ಟಿಯಾಗುವುದಿಲ್ಲ
"ಏಳು ವರ್ಷಕ್ಕೆ ಮಗುವಿನ ಸ್ವಭಾವ ಗಟ್ಟಿಯಾಗುತ್ತದೆ. ಆಮೇಲೆ ಬದಲಾದರೆ ಅದು ಮಾನಸಿಕ ಕಾಯಿಲೆ." ಈ ಮೆಸೇಜ್ ಮಡಿಕೇರಿ, ವಿರಾಜಪೇಟೆ ಕಡೆಯ ಪೋಷಕರ ಗ್ರೂಪ್‌ಗಳಲ್ಲಿ ಓಡಾಡುತ್ತಿದೆ. ಕಳೆದ ವಾರ ನಾನೂ ಕಳಿಸಿದ್ದೆ. ಅದು ತಪ್ಪು, ಕ್ಷಮಿಸಿ.

ಹುಟ್ಟಿನಿಂದ ಬರುವ ಗುಣ ಸ್ವಲ್ಪ ಇರುತ್ತದೆ, ನಿಜ. ಆದರೆ ಸ್ವಭಾವ ಜಾಸ್ತಿ ಬದಲಾಗುವುದೇ ಬಾಲ್ಯದಲ್ಲಿ. 2000ರಲ್ಲಿ ಬ್ರೆಂಟ್ ರಾಬರ್ಟ್ಸ್ ಮತ್ತು ವೆಂಡಿ ಡೆಲ್‌ವೆಚಿಯೊ ಎಂಬ ಸಂಶೋಧಕರು 152 ಅಧ್ಯಯನಗಳನ್ನು ಒಟ್ಟಿಗೆ ನೋಡಿದರು. ಸ್ವಭಾವ ಎಷ್ಟು ಸ್ಥಿರ ಎನ್ನುವ ಅಳತೆ ಬಾಲ್ಯದಲ್ಲಿ 0.31, 30ರ ವಯಸ್ಸಿಗೆ 0.64, 50 ದಾಟಿದ ಮೇಲೆ 0.74. ಪೂರ್ತಿ ಸ್ಥಿರ ಅಂದರೆ 1. ಅಂದರೆ ಐವತ್ತರಲ್ಲೂ ಪೂರ್ತಿ ಗಟ್ಟಿಯಾಗಿರುವುದಿಲ್ಲ, ಅಲ್ವಾ?

ನಮ್ಮ ಮನೆಯಲ್ಲೇ ನೋಡಿ. ಬೇಸಿಗೆ ರಜೆ ಪೂರ್ತಿ ಹರಟುತ್ತಿದ್ದ ಮಗಳು ಜೂನ್ ಮಳೆಯಲ್ಲಿ ಶಾಲೆಯಿಂದ ಬಂದು, ಒದ್ದೆ ರೇನ್‌ಕೋಟ್ ಕೂಡ ಬಿಚ್ಚದೆ ಸುಮ್ನೆ ಒಲೆ ಮುಂದೆ ಕೂರುತ್ತಿದ್ದಳು. ಹೊಸ ಟೀಚರ್, ಹೊಸ ಬೆಂಚು, ಗೆಳತಿ ಬೇರೆ ಸೆಕ್ಷನ್‌ಗೆ. ಮೂರು ವಾರದಲ್ಲಿ ಮಾತು ಮರಳಿತು. ಆ ದಿನಗಳಲ್ಲಿ ಮೆಸೇಜ್ ನಂಬಿ ನಾನು ಸುಮ್ನೆ ಹೆದರಿದ್ದೆ.

ಹಾಗಂತ ಎಲ್ಲವನ್ನೂ ಬಿಟ್ಟುಬಿಡಬೇಡಿ. ಊಟ, ನಿದ್ದೆ ವಾರಗಟ್ಟಲೆ ಕೆಟ್ಟರೆ, ಶಾಲೆ ಅಂದರೆ ನಡುಗಿದರೆ ವೈದ್ಯರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಮಗುವಿಗೆ ಯಾರಾದರೂ ತೊಂದರೆ ಕೊಡುತ್ತಿದ್ದರೆ ಮಕ್ಕಳ ಸಹಾಯವಾಣಿ 1098.

ಆ ಮೆಸೇಜ್ ನಿಮ್ಮ ಹತ್ತಿರ ಇದ್ದರೆ ದಯವಿಟ್ಟು ಮುಂದೆ ಕಳಿಸಬೇಡಿ. ಕಳಿಸಿದ್ದರೆ ಅದೇ ಗ್ರೂಪ್‌ಗೆ ಇದನ್ನೂ ಹಾಕಿ.