ಕಾಲು ಎಣಿಸುವ ಕೆಲಸ

ಮಲೆನಾಡಿನಲ್ಲಿ ಮಳೆ ಹಿಡಿದು ಕುಳಿತ ಮೇಲೆ ಮನೆಯೊಳಗೆ ನಮಗಿಂತ ಹೆಚ್ಚು ಓಡಾಡುವವು ಸಂಧಿಪದಿಗಳೇ. ಬಚ್ಚಲ ಮೂಲೆಯಲ್ಲಿ ಜರಿ, ಸೌದೆ ರಾಶಿಯಡಿ ಚೇಳು, ಅಟ್ಟದ ತುಂಬ ಜೇಡ, ದೀಪದ ಸುತ್ತ ಮಳೆಹುಳ, ತೋಟದ ಬಸಿಗಾಲುವೆಯಲ್ಲಿ ಏಡಿ. ಇವೆಲ್ಲ ಒಂದೇ ಕುಲದವೆಂದರೆ ನಂಬುವವರು ಕಡಿಮೆ. ಏಡಿ ಸಾರು ಸುರಿದುಕೊಂಡು ಉಣ್ಣುವವರಿಗೆ ಅದು ಜಿರಲೆಯ ದಾಯಾದಿಯೆಂದು ಊಟದ ನಡುವೆ ತಿಳಿಸುವುದು ಸಭ್ಯತೆಯೂ ಅಲ್ಲ. ಆದರೆ ದಾಯಾದಿತನದ ದಾಖಲೆ ಮೈಮೇಲೆಯೇ ಇದೆ: ಖಂಡಖಂಡವಾಗಿ ಜೋಡಿಸಿದ ದೇಹ, ಕೀಲುಗಳಲ್ಲಿ ಮಡಿಯುವ ಜೋಡಿ ಕಾಲುಗಳು, ಒಳಗೆ ಮೂಳೆಯ ಬದಲು ಹೊರಗೆ ಹೊದ್ದ, ಕೈಟಿನ್ ಎಂಬ ವಸ್ತುವಿನ ಕವಚ. ಈವರೆಗೆ ಹೆಸರು ಪಡೆದ ಪ್ರಾಣಿ ಪ್ರಭೇದಗಳಲ್ಲಿ ಮುಕ್ಕಾಲಿಗೂ ಹೆಚ್ಚು, ಎಂದರೆ 10 ಲಕ್ಷಕ್ಕೂ ಮೀರಿ, ಈ ಕುಲದವೇ. ಮಳೆಗಾಲದುದ್ದಕ್ಕೂ ನಮ್ಮ ರಕ್ತ ಕುಡಿಯುವ ಉಂಬಳಕ್ಕೆ ಮಾತ್ರ ಇಲ್ಲಿ ಪಾಲಿಲ್ಲ. ಕಾಲೂ ಇಲ್ಲದ, ಕವಚವೂ ಇಲ್ಲದ ಅದು ಎರೆಹುಳುವಿನ ಬಳಗಕ್ಕೆ ಸೇರಿದ್ದು.

ಕವಚಕ್ಕೆ ಒಂದು ತೊಂದರೆಯಿದೆ: ಒಳಗಿನ ಜೀವ ಬೆಳೆದಂತೆ ಅದು ಬೆಳೆಯುವುದಿಲ್ಲ. ಆದ್ದರಿಂದ ಆಗಾಗ ಕಳಚಿ ಎಸೆಯಲೇಬೇಕು. ಅಡಿಕೆ ಮರದ ಬುಡದಲ್ಲಿ ಜೀರುಂಡೆ ಬಿಟ್ಟುಹೋದ ಪೊರೆಯನ್ನು ಬಿಡಿಸಿ ಅಂಗೈಯಲ್ಲಿಟ್ಟು ನೋಡಿದರೆ, ಕಣ್ಣಿನ ಗುಬುಟು, ಮಣ್ಣು ಅಗೆದ ಮುಂಗಾಲಿನ ಮುಳ್ಳು, ಎಲ್ಲವೂ ಇದ್ದ ಹಾಗೆಯೇ ಇರುತ್ತವೆ. ಬೆನ್ನು ಮಾತ್ರ ಉದ್ದಕ್ಕೆ ಸೀಳಿರುತ್ತದೆ. ಆ ಸೀಳಿನಲ್ಲಿ ತೆಳ್ಳನೆಯ ಬಿಳಿ ಎಳೆಗಳು ಜೋತಾಡುತ್ತಿರುತ್ತವೆ. ನೂಲಿನಂತೆ ಕಾಣುವ ಅವು ಉಸಿರಿನ ಕೊಳವೆಗಳ ಒಳಪದರ. ಕೀಟಗಳು ಮೈಯ ಪಕ್ಕದ ರಂಧ್ರಗಳಿಂದ ಉಸಿರಾಡುವುದರಿಂದ, ಪೊರೆ ಬಿಡುವಾಗ ಉಸಿರುನಾಳದ ಒಳಪದರವನ್ನೂ ಎಳೆದು ಹಾಕಬೇಕಾಗುತ್ತದೆ. ಹೊಸ ಕವಚ ಗಟ್ಟಿಯಾಗುವವರೆಗೆ ಮೈ ಮೆತ್ತಗಿದ್ದು, ಏಡಿಯಂಥ ಏಡಿಯೂ ಆಗ ಬಿಲ ಬಿಟ್ಟು ಹೊರಬರಲು ಅಂಜುತ್ತದೆ.

ಈ ಕುಲದಲ್ಲಿ ಯಾರು ಯಾವ ಮನೆಯವರೆಂದು ತಿಳಿಯಲು ಕಾಲು ಎಣಿಸುವುದೇ ಸುಲಭದ ದಾರಿ. ಆರು ಕಾಲು, ಮೂರು ಭಾಗದ ಮೈ ಇದ್ದರೆ ಕೀಟ. ಚಟ್ನಿಗೆ ಅರೆಯುವ ಚಗಳಿ ಇರುವೆ, ಪೆಟ್ಟಿಗೆಯ ತುಡುವೆ ಜೇನು, ಗೋಡೆಯ ಸಂದಿನ ಮಿಸರಿ ಜೇನು, ಎಲ್ಲ ಇದೇ ಗುಂಪು. ಇವುಗಳ ಬಗ್ಗೆ ಹೇಳುವವರು ಬೇಕಾದಷ್ಟಿದ್ದಾರೆ. ನನಗೆ ಏಡಿಯ ಮೇಲೆ ಮಮತೆ ಹೆಚ್ಚು. ಚಿಮ್ಮಟದಂಥ ಕೊಂಬುಗಾಲೂ ಸೇರಿ ಹತ್ತು ಕಾಲು, ಎರಡು ಜೊತೆ ಮೀಸೆ, ಉಸಿರಾಡಲು ಕಿವಿರು: ಇದು ಏಡಿ, ಸಿಗಡಿಯಂಥ ಕಠಿಣಚರ್ಮಿಗಳ ಗುರುತು. ಗದ್ದೆಯ ಅಂಚು ಕೊರೆದು ನೀರು ಸೋರಿಸುವ ಏಡಿಯನ್ನು ಬೈಯುತ್ತಲೇ ಹಿಡಿದು ಮಗುಚಿದರೆ, ಹೊಟ್ಟೆಗೆ ಅಂಟಿದಂತೆ ಮಡಿಸಿಟ್ಟ ಬಾಲ ಕಾಣುತ್ತದೆ. ಅದು ಕಿರಿದಾಗಿದ್ದರೆ ಗಂಡು, ಅಗಲವಾಗಿದ್ದರೆ ಹೆಣ್ಣು. ಅಗಲವಾದ ಆ ಮಡಿಕೆಯೊಳಗೆ ಕೆಲವೊಮ್ಮೆ ಕಾಳಿನಷ್ಟು ಗಾತ್ರದ ಮರಿಗಳು ಕಿಕ್ಕಿರಿದಿರುತ್ತವೆ. ಸಿಹಿನೀರಿನ ಏಡಿಯ ಮೊಟ್ಟೆಯಿಂದ ನೇರವಾಗಿ ಪುಟ್ಟ ಏಡಿಯೇ ಹೊರಬರುತ್ತದೆ. ಅಂಥದ್ದನ್ನು ಕಂಡವರು ಬೈಗುಳ ನುಂಗಿಕೊಂಡು ನೀರಿಗೆ ಬಿಡುವುದೂ ಉಂಟು.

ಬಹುಪದಿಗಳಲ್ಲಿ ಜರಿಗೆ ಖಂಡಕ್ಕೊಂದು ಜೊತೆ ಕಾಲು, ಸಹಸ್ರಪದಿಗೆ ಹೆಚ್ಚಿನ ಖಂಡಗಳಲ್ಲಿ ಎರಡೆರಡು ಜೊತೆ. ಜರಿ ಕಚ್ಚುವುದು ಹಲ್ಲಿನಿಂದಲ್ಲ, ವಿಷದ ಉಗುರಾಗಿ ಮಾರ್ಪಟ್ಟ ಮೊದಲ ಜೊತೆ ಕಾಲಿನಿಂದ. ಸಹಸ್ರಪದಿ ಪಾಪದ್ದು, ಮುಟ್ಟಿದರೆ ಸುರುಳಿ ಸುತ್ತಿ ಕಟುವಾಸನೆಯ ರಸ ಬಿಡುತ್ತದೆ, ಅಷ್ಟೆ.

ಎಂಟು ಕಾಲು, ಮೀಸೆಯಿಲ್ಲದ ಮುಖ ಇದ್ದರೆ ಜೇಡನ ವರ್ಗ. ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುವ ಚೇಳೂ, ದನದ ಕಿವಿಗೆ ಕಚ್ಚಿಕೊಳ್ಳುವ ಉಣುಗೂ ಇಲ್ಲಿಯವೇ. ಈ ಉಣುಗಿನ ಹತ್ತಿರ ನಮ್ಮ ಎಣಿಕೆ ದಾರಿ ತಪ್ಪುತ್ತದೆ: ಮೊಟ್ಟೆಯೊಡೆದು ಬಂದ ಮರಿಗೆ ಆರೇ ಕಾಲು, ಪೊರೆ ಬಿಟ್ಟ ಮೇಲೆ ಎಂಟು. ಇದನ್ನು ವಿವರಿಸಹೊರಟಾಗ ದೊಡ್ಡಮ್ಮ, "ಆರಿದ್ರೇನು ಎಂಟಿದ್ರೇನು, ಕಚ್ಚುತ್ತಾ ಇಲ್ವಾ, ಅಷ್ಟು ಹೇಳು ಮಾರಾಯ" ಎಂದರು. ಕಚ್ಚುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯನ್ನು ಮನುಷ್ಯರಿಗೆ ದಾಟಿಸುವುದು ಮುಖ್ಯವಾಗಿ ಎಂಟು ಕಾಲು ಬಂದ, ಆದರೂ ಪೂರ್ತಿ ಬೆಳೆಯದ ಸಣ್ಣ ಉಣುಗು. ಕಣ್ಣಿಗೆ ಕಾಣುವುದೇ ಕಷ್ಟವಾದ ಅದರ ಕಾಲನ್ನು ಯಾರೂ ಎಣಿಸುತ್ತ ಕೂರುವುದಿಲ್ಲ. ಬೇಸಿಗೆಯಲ್ಲಿ ದರಗು, ಎಂದರೆ ಉದುರಿದ ಒಣ ಎಲೆ, ತರಲು ಕಾಡಿಗೆ ಹೋಗುವವರು ಆರೋಗ್ಯ ಇಲಾಖೆ ಕೊಟ್ಟ ತೈಲವನ್ನು ಕೈಕಾಲಿಗೆ ಹಚ್ಚಿಕೊಂಡು ಹೊರಡುತ್ತಾರೆ, ಮರಳಿದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನ ಮಾಡುತ್ತಾರೆ.