ಸೌತೆ ಬಳ್ಳಿ ಒಣಗಿದ್ದಕ್ಕೆ ಕೈಗುಣವನ್ನು ಬೈಯಬೇಡಿ

ಸಂಕ್ರಾಂತಿ ದಿನ ಕುಸುರೆಳ್ಳು ಕೊಡೋಕೆ ಹುಬ್ಬಳ್ಳಿಯ ಗೆಳತಿ ಮನೆಗೆ ಹೋಗಿದ್ದೆ. ಮಾಳಿಗೆ ಮೇಲೆ ಆರು ಕುಂಡ ಬೋರಲು ಬಿದ್ದಿದ್ದವು. ಮಳೆಗಾಲದಲ್ಲಿ ಅವುಗಳಲ್ಲೇ ಸೌತೆ ಹಚ್ಚಿದ್ದಳು. ಏನಾಯ್ತು ಅಂತ ಕೇಳಿದೆ. "ಎಲ್ಲಾ ಒಣಗಿ ಹೋದ್ವು. ನನ್ನ ಕೈಗುಣಾನ ಸರಿ ಇಲ್ಲ ಬಿಡು, ಇನ್ನ ಮ್ಯಾಲೆ ಏನೂ ಹಚ್ಚಂಗಿಲ್ಲ" ಅಂದಳು.

ಆ ಮಾತು ಕೇಳಿ ಬಹಳ ಬೇಜಾರಾಯಿತು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಕೈಗುಣ ಅನ್ನೋದು ಒಬ್ಬರನ್ನು ಹೊಗಳೋಕೆ ಹುಟ್ಟಿದ ಮಾತು. ಹೊಗಳೋವಾಗ ಇರಲಿ, ಚೆಂದವೇ. ಗಿಡ ಸತ್ತಾಗ ಅದೇ ಮಾತು ಮನುಷ್ಯರ ಮೇಲೆ ಬೀಳುತ್ತದೆ. ಮಣ್ಣು ಹೇಗಿತ್ತು, ನೀರು ಎಷ್ಟಾಯಿತು, ಹುಳ ಬಿದ್ದಿತ್ತಾ ಅಂತ ಯಾರೂ ನೋಡುವುದಿಲ್ಲ. ಹೆಣ್ಣುಮಕ್ಕಳಿಗಂತೂ ಇದು ಜಾಸ್ತಿ ತಾಗುತ್ತದೆ. ಬಳ್ಳಿ ಒಣಗಿತು ಅಂತ ಹೇಳಿದರೆ ಸಾಕಿತ್ತು, ನೀನೇ ಸರಿ ಇಲ್ಲ ಅಂದಂಗಾಗುತ್ತದೆ. ನನಗೂ ನಮ್ಮ ಓಣಿಯ ಅಜ್ಜಿಯೊಬ್ಬರು ಹಾಗೇ ಅಂದಿದ್ದರು. ಕೆಟ್ಟ ಮನಸ್ಸಿನಿಂದಲ್ಲ, ಸುಮ್ನೆ ರೂಢಿಯಲ್ಲಿ ಬಂದ ಮಾತು. ಆದರೂ ಎರಡು ದಿನ ನಾನು ಮಾಳಿಗೆ ಹತ್ತಿರಲಿಲ್ಲ.

ಧಾರವಾಡದಲ್ಲಿ ನಾಲ್ಕು ವರ್ಷದಿಂದ ಸೌತೆ ಹಚ್ಚುತ್ತಿದ್ದೇನೆ. ಮೊದಲನೇ ಸಲ ನವಲಗುಂದದ ಹೊಲದಿಂದ ಕಾಕಾ ಎರಡು ಚೀಲ ಎರಿ ಮಣ್ಣು ತಂದುಕೊಟ್ಟರು. ಜೋಳ, ಕಡಲೆ ಬೆಳೆಯುವ ಮಣ್ಣು, ಇದಕ್ಕಿಂತ ಒಳ್ಳೆಯದು ಬೇಕಾ ಅಂದುಕೊಂಡೆ. ಹೊಲದಲ್ಲಿ ಆ ಮಣ್ಣು ಮಳೆ ನೀರು ಹಿಡಿದಿಟ್ಟುಕೊಂಡು ಹಿಂಗಾರಿ ಪೀಕು ಬದುಕಿಸುತ್ತದೆ. ಕುಂಡದಲ್ಲಿ ಅದೇ ಮುಳುವಾಯಿತು. ಸೌತೆಯ ಬೇರು ಹೆಚ್ಚು ಆಳಕ್ಕೆ ಇಳಿಯುವುದಿಲ್ಲ, ಮೇಲ್ಮೇಲೇ ಹರಡುತ್ತದೆ, ಅದಕ್ಕೆ ಗಾಳಿ ಬೇಕು. ಮಧ್ಯಾಹ್ನ ಎಲೆ ಜೋತು ಬಿದ್ದವು. ಬಾಯಾರಿದೆ ಅಂತ ಒಂದು ತಂಬಿಗೆ ನೀರು ಹಾಕಿದೆ. ಮರುದಿನ ಇನ್ನೊಂದು. ವಾರದಲ್ಲಿ ಬಳ್ಳಿ ಹೋಯಿತು. ಕಿತ್ತು ನೋಡಿದರೆ ಬೇರು ಕಂದಾಗಿ, ಮೆತ್ತಗಾಗಿ, ನಾರುತ್ತಿತ್ತು. ನೀರು ಕಡಿಮೆಯಾದರೂ ಎಲೆ ಜೋತು ಬೀಳುತ್ತವೆ, ಜಾಸ್ತಿಯಾದರೂ ಬೀಳುತ್ತವೆ, ಯಾಕಂದರೆ ಕೊಳೆತ ಬೇರಿಗೆ ನೀರು ಎಳೆಯೋಕೆ ಆಗುವುದಿಲ್ಲ. ಈಗ ನೀರು ಹಾಕೋ ಮೊದಲು ಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸಿ ನೋಡುತ್ತೇನೆ. ಕೆಂಪು ಮಣ್ಣು, ತಿಪ್ಪೆ ಗೊಬ್ಬರ, ತೆಂಗಿನ ನಾರಿನ ಪುಡಿ ಸಮ ಪಾಲು ಹಾಕುತ್ತೇನೆ. ಕುಂಡದ ತಳದ ತೂತು ಮುಚ್ಚಿಲ್ಲ ಅಂತ ಕಡ್ಡಿ ಹಾಕಿ ನೋಡುತ್ತೇನೆ. ಕೈ ಅದೇ ಇದೆ. ಬೇರು ಕೊಳೆಯುವುದು ನಿಂತಿದೆ.

ಮರುವರ್ಷ ಬಳ್ಳಿ ಹಂದರ ತುಂಬಾ ಹಬ್ಬಿತು. ಹಳದಿ ಹೂವೋ ಹೂವು. ಕಾಯಿ ಮಾತ್ರ ಇಲ್ಲ. ಬೆರಳುದ್ದ ಪಿಂದೆ ಆಗುತ್ತಿತ್ತು, ತುದಿ ಹಳದಿಯಾಗಿ ಸುರುಟಿ ಉದುರುತ್ತಿತ್ತು. ಗೊಬ್ಬರ ಹಾಕಿದೆ, ಹುಳಿ ಮಜ್ಜಿಗೆ ಸಿಂಪಡಿಸಿದೆ, ಏನೂ ಆಗಲಿಲ್ಲ.

ಆಗ ನಮ್ಮ ಕೆಳಗಿನ ಮನೆಗೆ ಅವರ ಚಿಕ್ಕಮ್ಮ ಬಂದಿದ್ದರು. ರಾಣೆಬೆನ್ನೂರು ಕಡೆಯ ಹಳ್ಳಿಯವರು. ಆ ಭಾಗದಲ್ಲಿ ಕಂಪನಿಗಳಿಗೆ ತರಕಾರಿ ಬೀಜ ಬೆಳೆದುಕೊಡುವ ರೈತರು ಬಹಳ, ಆ ಹೊಲಗಳಲ್ಲಿ ಹೂವಿಗೆ ಹೂವು ಮುಟ್ಟಿಸುವ ಕೆಲಸ ಮಾಡೋರು ಹೆಚ್ಚಾಗಿ ಹೆಣ್ಣುಮಕ್ಕಳು. ಕ್ರಾಸಿಂಗ್ ಅಂತಾರೆ ಅದಕ್ಕೆ. ಇವರು ವರ್ಷಗಟ್ಟಲೆ ಅದನ್ನೇ ಮಾಡಿದವರು. ಬಟ್ಟೆ ಒಣಹಾಕೋಕೆ ಮೇಲೆ ಬಂದವರು ನನ್ನ ಬಳ್ಳಿ ಮುಂದೆ ನಿಂತರು. "ಅಕ್ಕಾರ, ಇಲ್ಲಿ ಹುಳಾನ ಬರಂಗಿಲ್ಲೇನ್ರೀ? ಜೇನ್ನೊಣ ಒಂದೂ ಕಾಣವಲ್ದು" ಅಂದರು. ಮೂರನೇ ಮಹಡಿ, ಸುತ್ತ ಬರೀ ಸಿಮೆಂಟು. ಎಲ್ಲಿಂದ ಬರಬೇಕು?

ಅವರೇ ತೋರಿಸಿದರು. ಹೂವಿನ ಹಿಂದೆ ಬರೀ ತೆಳ್ಳನೆ ತೊಟ್ಟಿದ್ದರೆ ಗಂಡು. ಹಿಂದೆ ಪುಟ್ಟ ಸೌತೆಕಾಯಿಯೇ ಇದ್ದರೆ ಹೆಣ್ಣು. ಮೊದಲು ಬರುವುದು ಗಂಡು ಹೂಗಳು, ಹೆಣ್ಣು ಹೂ ಆಮೇಲೆ ಶುರುವಾಗುತ್ತವೆ. ಹೂ ಉದುರಿತು ಅಂತ ಮೊದಲ ವಾರ ಅಳೋರೆಲ್ಲ ನೋಡಿದ್ದು ಗಂಡು ಹೂವನ್ನೇ, ಅವು ಉದುರಲೇಬೇಕು. ಬೆಳಿಗ್ಗೆ ಅರಳಿದ ಗಂಡು ಹೂ ಕಿತ್ತು, ಎಸಳು ಬಿಡಿಸಿ, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವೆ ಮೆತ್ತಗೆ ತಾಗಿಸಬೇಕು. ಹೂವಿಗೆ ಒಂದೇ ದಿನದ ಆಯುಸ್ಸು. ಬಿಸಿಲೇರುವ ಮೊದಲೇ ಆಗಬೇಕು. ಅವರ ಬೆರಳು ಎಷ್ಟು ಹಗುರವಾಗಿ ಆಡುತ್ತಿದ್ದವು ಅಂದರೆ ಹೂ ಅಲುಗಾಡಲಿಲ್ಲ. ನಾವು ಕೈಗುಣ ಅನ್ನೋದು ಇದನ್ನೇ ಆಗಿರಬೇಕು. ಅದು ಕಲಿತದ್ದು, ದುಡಿದು ಬಂದದ್ದು.

ನಾಲ್ಕು ದಿನಕ್ಕೆ ಮೂರು ಪಿಂದೆ ನಿಂತವು. (ಪಾಲಿಹೌಸಿಗೆಂದೇ ಮಾಡಿದ ಕೆಲವು ತಳಿಗಳು ಪರಾಗ ಬೀಳದೆಯೂ ಕಾಯಿ ಕಟ್ಟುತ್ತವೆ. ಬೀಜ ಕೊಳ್ಳುವಾಗ ಕೇಳಿ ನೋಡಿ.) ಈಗ ಹಂದರದ ಪಕ್ಕ ಸೂರ್ಯಕಾಂತಿ ಹಚ್ಚಿದ್ದೇನೆ, ಸಬ್ಬಸಿಗೆಯನ್ನು ಹೂವಾಗೋಕೆ ಬಿಟ್ಟಿದ್ದೇನೆ. ಜೇನ್ನೊಣ ಬರುತ್ತಿವೆ.

ಎಳೆ ಸಸಿಯ ಎಲೆ ತೂತು ಮಾಡುವ ಕೆಂಪು ದುಂಬಿ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನಸುಕಿನಲ್ಲಿ ಮಂದವಾಗಿರುತ್ತವೆ, ಕೈಯಿಂದ ಆರಿಸಿ ಸೋಪಿನ ನೀರಿಗೆ ಹಾಕಿ. ಹೂ ಬರುವ ತನಕ ಹಳೇ ಸೊಳ್ಳೆಪರದೆ ಮುಚ್ಚಿದರೂ ನಡೆಯುತ್ತದೆ.

ಒಂದು ಸಲ ಮಾತ್ರ ಉಳಿಸೋಕೆ ಆಗಲೇ ಇಲ್ಲ. ಶ್ರಾವಣದ ಜಿಟಿಜಿಟಿ ಮಳೆ ಧಾರವಾಡದವರಿಗೆ ಗೊತ್ತಲ್ವಾ, ವಾರಗಟ್ಟಲೆ ಎಲೆ ಒಣಗುವುದೇ ಇಲ್ಲ. ಎಲೆ ಮೇಲೆ ನರಗಳ ನಡುವೆ ಮೂಲೆಮೂಲೆಯಾದ ಹಳದಿ ಮಚ್ಚೆ ಬಂದವು. ಎಲೆ ಕಿತ್ತು ಚೀಲದಲ್ಲಿ ಹಾಕಿಕೊಂಡು ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೆ ಹೋದೆ. ಒಬ್ಬರು ಎಲೆ ತಿರುಗಿಸಿ ಕೆಳಗಿನ ಬೂದು ಬಣ್ಣದ ಬೂಜು ತೋರಿಸಿದರು. ಅಷ್ಟೊತ್ತಿಗೆ ತಡವಾಗಿತ್ತು, ಬಳ್ಳಿ ತೆಗೆದುಹಾಕಿದೆ. ಕೈಯಾರೆ ಬೆಳೆಸಿದ್ದನ್ನು ಕೀಳುವಾಗ ಸಂಕಟ ಆಗೇ ಆಗುತ್ತದೆ. ಆದರೆ ಕಾರಣ ಗೊತ್ತಿತ್ತು. ಅಲ್ಲಿಂದ ಮುಂದೆ ಮಳೆಗಾಲ ಬಿಟ್ಟು ಸಂಕ್ರಾಂತಿ ಆದ ಮೇಲೆ ಬಿತ್ತುತ್ತೇನೆ. ನೀರು ಬುಡಕ್ಕೆ ಮಾತ್ರ, ಎಲೆಗಲ್ಲ. ಬೇಸಿಗೆಯಲ್ಲಿ ನಲ್ಲಿ ನೀರು ತಪ್ಪಿ ಬಳ್ಳಿ ಬಾಡಿದಾಗ ಕಾಯಿ ಕಹಿ ಬಂದಿದೆ, ಅದಕ್ಕೇ ಒಂದು ಬ್ಯಾರಲ್ ನೀರು ಬೇರೆ ತುಂಬಿಟ್ಟಿರುತ್ತೇನೆ.

ಕೈತೋಟದವರ ಈ ಗುಂಪಿನಲ್ಲಿ ಎಲ್ಲರೂ ಬುಟ್ಟಿ ತುಂಬಿದ ಕಾಯಿಯ ಫೋಟೋ ಹಾಕುತ್ತೀರಿ. ನಾನೂ ಹಾಕಿದ್ದೇನೆ, ರೊಟ್ಟಿ, ಶೇಂಗಾ ಚಟ್ನಿ, ಹೆಚ್ಚಿದ ಸೌತೆಕಾಯಿ ಸಮೇತ. ಒಣಗಿದ ಬಳ್ಳಿಯ ಫೋಟೋವನ್ನೂ ಹಾಕಿ ಅಂತ ಕೇಳಿಕೊಳ್ಳುತ್ತೇನೆ. ಎಲೆ ಹಿಂದೆಮುಂದೆ ಎರಡೂ ಕಡೆ ಹಾಕಿ, ಬೇರು ಕಿತ್ತು ಹಾಕಿ. ನನ್ನ ಗೆಳತಿ ಅವತ್ತು ಒಂದು ಫೋಟೋ ಕಳಿಸಿದ್ದರೆ ಆ ಕುಂಡಗಳು ಬೋರಲು ಬೀಳುತ್ತಿರಲಿಲ್ಲ.

ನಿನ್ನೆ ಮತ್ತೆ ಅವಳ ಮನೆಗೆ ಹೋಗಿ ಎರಡು ಕುಂಡ ಎತ್ತಿ ನಿಲ್ಲಿಸಿ, ಮಣ್ಣು ಕಲಸಿ, ಆರು ಬೀಜ ಊರಿ ಬಂದೆ. ಮೊದಲ ಹೆಣ್ಣು ಹೂ ಅರಳಿದ ದಿನ ಬೆಳಿಗ್ಗೆ ಏಳಕ್ಕೇ ಫೋನ್ ಮಾಡು ಅಂದಿದ್ದೇನೆ, ಮೊದಲ ಬಸ್ಸಿಗೇ ಬರುತ್ತೇನೆ.